ಹುಣಸೆ ಬೀಜದ ಲೆಕ್ಕ

ಪುಣೆಯ ನಮ್ಮ ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಸರ್ ಕಲಬುರಗಿ ಕಡೆಯವರು. ಒಂದು ದಿನ ಮಡಕೆ ತುಂಬ ಹುಣಸೆ ಬೀಜ ತಂದು ಮೇಜಿನ ಮೇಲಿಟ್ಟರು. "ಇದರಾಗ ಎಷ್ಟ ಬೀಜ ಅದಾವ? ಎಣಿಸದ ಹೇಳ್ರಿ ನೋಡೋಣ" ಎಂದರು.

ನಾವು ಬಾಯಿಗೆ ಬಂದ ಸಂಖ್ಯೆ ಹೇಳಿದೆವು. ಆಮೇಲೆ ಸರ್ 40 ಬೀಜ ತೆಗೆಸಿ, ಸುಣ್ಣ ಹಚ್ಚಿಸಿ, ಮಡಕೆಗೆ ಹಾಕಿ ಚೆನ್ನಾಗಿ ಕಲಸಿದರು. ಕಣ್ಣು ಮುಚ್ಚಿ ಮತ್ತೆ 40 ತೆಗೆದಾಗ ಸುಣ್ಣದ್ದು 4 ಬಂದವು. ಹತ್ತರಲ್ಲಿ ಒಂದು. ಸುಣ್ಣ ಹಚ್ಚಿದ 40 ಇಡೀ ಮಡಕೆಯ ಹತ್ತರಲ್ಲಿ ಒಂದು ಪಾಲಾದರೆ ಮಡಕೆಯಲ್ಲಿ ಸುಮಾರು 400 ಇರಬೇಕು, ಅಲ್ವಾ? ಡೆನ್ಮಾರ್ಕಿನ ಮೀನು ವಿಜ್ಞಾನಿ ಪೀಟರ್ಸನ್ 19ನೇ ಶತಮಾನದ ಕೊನೆಯಲ್ಲಿ ಮೀನಿಗೆ ಗುರುತು ಹಾಕಿ ನೀರಿಗೆ ಬಿಡುತ್ತಿದ್ದರು, ಕೆರೆಯ ಮೀನಿನ ಅಂದಾಜೂ ಹೀಗೇ ಎಂದು ಸರ್ ಹೇಳಿದರು. ಅಷ್ಟಕ್ಕೇ ಬಿಡಲಿಲ್ಲ. "ಸುಣ್ಣ ಉದುರಿದ್ರ? ಸರಿಯಾಗಿ ಕಲಸದಿದ್ರ? ನಡುವ ಯಾರರ ಹೊಸ ಬೀಜ ಹಾಕಿದ್ರ?" ಉತ್ತರ ನಾವೇ ಹುಡುಕಬೇಕಿತ್ತು.

ಮುಂದೆ ನಾನು ಉಜನಿ ಜಲಾಶಯದ ಮೀನಿನ ಮೇಲೆ ಸಂಶೋಧನೆಗೆ ಸೇರಿದಾಗ ಅದೇ ಪ್ರಶ್ನೆಗಳು ಎದುರಾದವು. ಭೀಮೆಗೆ ಕಟ್ಟಿದ ಈ ಅಣೆಕಟ್ಟು ಮುಗಿದದ್ದು 1980ರಲ್ಲಿ. ನಮ್ಮೂರಿನ ಮುಳಾ-ಮುಠಾ ನೀರು ಹೋಗಿ ಸೇರುವುದು ಅಲ್ಲಿಗೇ. ಅಷ್ಟು ದೊಡ್ಡ ನೀರಿನಲ್ಲಿ ಗುರುತಿನ ಮೀನು ಎಲ್ಲಿ ಸಿಕ್ಕೀತು? ಸಿಕ್ಕರೂ ಯಾರು ತಂದು ಕೊಡುತ್ತಾರೆ? ಜೊತೆಗೆ ಆಗಾಗ ಹೊಸ ಮರಿಗಳನ್ನೂ ಬಿಡುತ್ತಾರೆ. ಹಾಗಾಗಿ ಜಲಾಶಯದ ಹಿನ್ನೀರಿನ ಬಳಿಯ ಭಿಗವಣದ ಮೀನು ಮಾರುಕಟ್ಟೆಯಲ್ಲಿ ಬೆಳಿಗ್ಗೆ ಅಳತೆ ಹಲಗೆ ಹಿಡಿದು ನಿಲ್ಲುತ್ತಿದ್ದೆ. ಯಾವ ಮೀನು, ಎಷ್ಟು ಉದ್ದ, ಎಷ್ಟು ತೂಕ, ಯಾವ ಬಲೆಯದು ಎಂದು ಬರೆದುಕೊಳ್ಳುವುದೇ ಕೆಲಸ. ಚಳಿ ದೇಶಗಳಲ್ಲಿ ಮೀನಿನ ಹುರುಪೆಯ ಮೇಲಿನ ಉಂಗುರ ಎಣಿಸಿ ವಯಸ್ಸು ಹೇಳಬಹುದು. ನಮ್ಮಲ್ಲಿ ಅಂಥ ಚಳಿ ಇಲ್ಲ, ಉಂಗುರ ಸ್ಪಷ್ಟವಾಗಿ ಮೂಡುವುದಿಲ್ಲ. ವಯಸ್ಸನ್ನು ಉದ್ದದಿಂದಲೇ ಅಂದಾಜು ಮಾಡಬೇಕು, ಅದಕ್ಕೇ ಉದ್ದದ ಪಟ್ಟಿ ಇಷ್ಟು ಮುಖ್ಯ.

ಎಷ್ಟು ಉದ್ದವಾದಾಗ ತತ್ತಿ ಕಟ್ಟುತ್ತದೆ ಎಂದು ತಿಳಿಯಲು ಮೀನಿನ ಹೊಟ್ಟೆಯೊಳಗೂ ನೋಡಬೇಕು. ಆದರೆ ಮಾರುವ ಮೀನನ್ನು ನಾನು ಕೊಯ್ದರೆ ಅದಕ್ಕೆ ಬೆಲೆ ಎಲ್ಲಿ? ದಾರಿ ತೋರಿಸಿದ್ದು ಇಂಡಿ ಕಡೆಯ ಒಬ್ಬ ಅಕ್ಕ. ಗಿರಾಕಿಗಳಿಗೆ ಮೀನು ಹೆರೆದು ಕೊಡುತ್ತಿದ್ದರು. ನಾನು ಉದ್ದ ಅಳೆದ ಮೀನನ್ನು ಅವರು ಸೀಳಿ, ಒಳಗಿನದನ್ನು ಎಲೆಯ ಮೇಲೆ ಬಿಡಿಸಿ ಇಡುತ್ತಿದ್ದರು. "ತಂಗಿ, ಇಷ್ಟ ದೊಡ್ಡ ಕಾಟ್ಲಾ, ತತ್ತಿನ ಇಲ್ಲ ನೋಡವಾ. ಈ ಸಣ್ಣ ಚಿಲಾಪಿ ನೋಡು, ತುಂಬಿ ಕುಂತೈತಿ." ನನ್ನ ಪ್ರಬಂಧದ ಮುಖ್ಯ ಅಧ್ಯಾಯ ಆ ಎಲೆಯ ಮೇಲೇ ಇತ್ತು.

ಚಿಲಾಪಿ, ಅಂದರೆ ತಿಲಾಪಿಯಾ ಮೀನು, ಗೇಣುದ್ದ ಆಗುವ ಮೊದಲೇ ತತ್ತಿ ಇಡುತ್ತದೆ. ತಾಯಿ ಆ ತತ್ತಿಯನ್ನು ಬಾಯಲ್ಲೇ ಇಟ್ಟು ಕಾಯುತ್ತದೆ. ಕಾಟ್ಲಾ ಬಲಿಯಲು ಎರಡು ಮೂರು ವರ್ಷ ಬೇಕು. ಸಾಲದ್ದಕ್ಕೆ ನಿಂತ ನೀರಿನಲ್ಲಿ ಅದು ಸುಲಭಕ್ಕೆ ಮರಿ ಮಾಡುವುದಿಲ್ಲ, ಮಳೆಗಾಲದ ಹರಿಯುವ ಹೊಸ ನೀರು ಬೇಕು. ಬಲೆಯ ಕಣ್ಣು ಸಣ್ಣದಾದರೆ ಚಿಲಾಪಿ ಹೇಗೋ ಉಳಿದುಕೊಳ್ಳುತ್ತದೆ, ಕಾಟ್ಲಾ ಮಾತ್ರ ಎಳೆಯದರಲ್ಲೇ ಹೋಗುತ್ತದೆ. ಅದು ಮೀನುಗಾರರಿಗೂ ನಷ್ಟವೇ. ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟಿನಷ್ಟಾಗುತ್ತದೆ. ಇದನ್ನು ತಕ್ಕಡಿಯಲ್ಲೇ ತೂಗಿ ತೋರಿಸಿದ್ದಕ್ಕೆ ಅವರು ಒಪ್ಪಿದ್ದು. ಸುಮ್ನೆ ಬಾಯಲ್ಲಿ ಹೇಳಿದ್ದರೆ ಯಾರು ಕೇಳುತ್ತಿದ್ದರು?

ಬಲೆಯ ಕಣ್ಣು ಎಷ್ಟಿರಬೇಕು, ಮರಿ ಎಷ್ಟು ಬೆಳೆದ ಮೇಲೆ ನೀರಿಗೆ ಬಿಡಬೇಕು ಎಂದು ತೀರ್ಮಾನಿಸಲು ಈ ಪಟ್ಟಿಗಳು ವರ್ಷಗಟ್ಟಲೆ ಬೇಕು. ಒಬ್ಬ ವಿದ್ಯಾರ್ಥಿ ಪದವಿ ಪಡೆದು ಹೋದ ಕೂಡಲೇ ಬರೆಯುವುದು ನಿಂತರೆ ಹಿಂದಿನದಕ್ಕೂ ಬೆಲೆ ಕಡಿಮೆ. ಈ ಸಂಚಿಕೆ ಓದುತ್ತಿರುವ ಹತ್ತನೇ ತರಗತಿಯವರಲ್ಲಿ ಮೀನಿನ ವಾಸನೆಗೆ ಮೂಗು ಮುಚ್ಚದವರು ಇದ್ದೇ ಇರುತ್ತೀರಿ. ರಜೆಯಲ್ಲಿ ಭಿಗವಣಕ್ಕೆ ಬನ್ನಿ. ಅಳೆಯುವುದನ್ನು ನಾನು ಹೇಳಿಕೊಡುತ್ತೇನೆ. ಬರೆದುಕೊಳ್ಳುವ ಕೈಗಳು ಇನ್ನೂ ಜಾಸ್ತಿ ಬೇಕಾಗಿವೆ.