ಹಾಲುವಾಣದ ಬೇರಿನ ಗಂಟು

ಮೂಡಿಗೆರೆ ಕಡೆ ಕಾಫಿ ತೋಟ ಇರುವವರಿಗೆ ಹಾಲುವಾಣ ಅಂದರೆ ನೆರಳು, ಜೊತೆಗೆ ಮೆಣಸಿನ ಬಳ್ಳಿ ಹಬ್ಬಿಸೋಕೆ ಒಂದು ಮರ. ಗೂಟ ನೆಟ್ಟರೆ ಚಿಗುರುತ್ತದೆ, ಮರಗಸಿ ಮಾಡಿದರೆ, ಅಂದರೆ ಕೊಂಬೆ ಸವರಿದರೆ, ಸೊಪ್ಪು ಕಾಫಿ ಬುಡಕ್ಕೆ ಬೀಳುತ್ತದೆ. ಈಗ ಎಷ್ಟೋ ಜನ ಅದನ್ನು ತೆಗೆದು ಸಿಲ್ವರ್ ಓಕ್ ಹಾಕುತ್ತಿದ್ದಾರೆ. ಮರ ಮಾರಿದರೆ ದುಡ್ಡು ಬರುತ್ತದೆ, ಸರಿ. ಆದರೆ ಸಿಲ್ವರ್ ಓಕ್ ಬೇರಿನಲ್ಲಿ ಗೊಬ್ಬರ ಮಾಡುವ ಬ್ಯಾಕ್ಟೀರಿಯಾ ಇಲ್ಲ, ಹಾಲುವಾಣದಲ್ಲಿ ಇದೆ.

ಹಾಲುವಾಣ ಕೂಡ ತೊಗರಿ, ಹುರುಳಿ, ಅಲಸಂದೆಯ ಕುಟುಂಬದ್ದೇ. ಬೇರಿನ ಸಣ್ಣ ಗಂಟುಗಳೊಳಗೆ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಇರುತ್ತವೆ. ಮರದ ಬೇರು ಅಗೆಯೋಕೆ ಆಗದಿದ್ದರೆ ಹೂ ಬಿಟ್ಟ ಅಲಸಂದೆ ಗಿಡವೊಂದನ್ನು ನೋಡಿ. ಸುಮ್ನೆ ಹಿಡಿದು ಎಳೆದರೆ ಗಂಟೆಲ್ಲ ಮಣ್ಣಲ್ಲೇ ಉಳಿಯುತ್ತದೆ, ಹಾಗಾಗಿ ಗುದ್ದಲಿ ಹಾಕಿ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ಮೆಲ್ಲಗೆ ಅಲುಗಾಡಿಸಿ ತೊಳೆಯಬೇಕು. ಒಂದು ಗಂಟನ್ನು ಉಗುರಿನಲ್ಲಿ ಸೀಳಿ. ಒಳಗೆ ಕೆಂಪಗಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ, ಹಸಿರಾಗಿದ್ದರೆ ಅದರ ಕಾಲ ಮುಗಿದಿದೆ.

ಆ ಕೆಂಪು ಬಣ್ಣ ಲೆಗ್‌ಹಿಮೋಗ್ಲೋಬಿನ್‌ದು, ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ನೆಂಟ. ಗಿಡಕ್ಕೆ ಇದು ಯಾಕೆ ಬೇಕು ಅನ್ನುವುದೇ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ. ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ಅಮೋನಿಯಾ ಮಾಡುವುದು ಈ ಬ್ಯಾಕ್ಟೀರಿಯಾದ ಕಿಣ್ವ ನೈಟ್ರೋಜಿನೇಸ್. ಆಮ್ಲಜನಕ ತಾಗಿದರೆ ಅದು ಕೆಟ್ಟುಹೋಗುತ್ತದೆ. ಆದರೆ ಸಾರಜನಕದ ಒಂದೊಂದು ಅಣು ಒಡೆಯೋಕೂ ಕಡಿಮೆ ಅಂದರೆ 16 ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು, ಅಷ್ಟು ಶಕ್ತಿ ಹುಟ್ಟಬೇಕಾದರೆ ಬ್ಯಾಕ್ಟೀರಿಯಾ ಉಸಿರಾಡಲೇಬೇಕು. ಆಮ್ಲಜನಕ ಬೇಕು, ಇರಲೂಬಾರದು! ಲೆಗ್‌ಹಿಮೋಗ್ಲೋಬಿನ್ ಅದನ್ನು ಹಿಡಿದಿಟ್ಟುಕೊಂಡು, ಬಿಡಿಯಾಗಿ ತಿರುಗಾಡೋಕೆ ಬಿಡದೆ, ಬೇಕಾದಷ್ಟನ್ನೇ ಕೊಡುತ್ತದೆ. ಯೂರಿಯಾ ಕಾರ್ಖಾನೆಯಲ್ಲಿ ಅಮೋನಿಯಾ ಮಾಡೋಕೆ 400 ಡಿಗ್ರಿಗೂ ಜಾಸ್ತಿ ಶಾಖ, ನೂರಕ್ಕೂ ಹೆಚ್ಚು ಪಟ್ಟು ವಾಯುಒತ್ತಡ ಬೇಕು. ಇಲ್ಲಿ ತಣ್ಣನೆ ಮಣ್ಣಲ್ಲೇ ಆಗುತ್ತದೆ.

ಇದಕ್ಕೆ ಊಟ ಹಾಕುವುದು ಎಲೆ. ಎಲೆಯ ಸಕ್ಕರೆ ಬೇರಿಗೆ ಇಳಿದು, ಗಂಟಿನಲ್ಲಿ ಮುಖ್ಯವಾಗಿ ಮ್ಯಾಲೇಟ್ ಅನ್ನುವ ಸಾವಯವ ವಸ್ತುವಾಗಿ ಬ್ಯಾಕ್ಟೀರಿಯಾಕ್ಕೆ ಸಿಗುತ್ತದೆ. ಗಿಡ ಸುಮ್ಮನೆ ಸಾಕುವುದೂ ಇಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸೋಯಾ ಗಂಟುಗಳ ಸುತ್ತ ಸಾರಜನಕದ ಬದಲು ಆರ್ಗಾನ್ ಅನ್ನುವ ಜಡ ಅನಿಲ ತುಂಬಿ, ಬ್ಯಾಕ್ಟೀರಿಯಾಕ್ಕೆ ಕೆಲಸವೇ ಇಲ್ಲದ ಹಾಗೆ ಮಾಡಿದರು. ಅಂಥ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ಸುಮಾರು ಅರ್ಧದಷ್ಟೇ ಬೆಳೆಯಿತು, ಗಿಡ ಅವಕ್ಕೆ ಹೋಗುವ ಆಮ್ಲಜನಕವನ್ನೇ ಕಡಿಮೆ ಮಾಡಿದಂತೆ ಕಂಡಿತು.

ಹಾಗಾದರೆ ಮರಗಸಿ ಮಾಡುವಾಗ ಹಾಲುವಾಣವನ್ನು ಪೂರ್ತಿ ಬೋಳು ಮಾಡಿದರೆ ಏನಾಗುತ್ತದೆ? ಎಲೆ ಇಲ್ಲ, ಸಕ್ಕರೆ ಇಲ್ಲ, ಗಂಟು ಸಾಯುತ್ತದೆ. ಕೋಸ್ಟರಿಕಾದಲ್ಲಿ ಹಾಲುವಾಣದ ಹತ್ತಿರದ ಜಾತಿಯ ಮರದ ಮೇಲೆ ಕೆಲಸ ಮಾಡಿದವರು ಇದನ್ನೇ ಕಂಡಿದ್ದಾರೆ: ಪೂರ್ತಿ ಕಡಿದ ಮೇಲೆ ಗಂಟು ಹೆಚ್ಚುಕಡಿಮೆ ಇಲ್ಲವಾಗಿ, ಹೊಸ ಎಲೆ ಬಂದ ಮೇಲೆಯೇ ಮತ್ತೆ ಬಂದವು. ಸತ್ತ ಗಂಟಿನ ಸಾರಜನಕ ಮಣ್ಣಿಗೇ ಸೇರುತ್ತದೆ, ಅದು ನಷ್ಟವಲ್ಲ, ಆದರೆ ಅಷ್ಟು ದಿನ ಹೊಸದಾಗಿ ಏನೂ ಬರುವುದಿಲ್ಲ ಅಲ್ವಾ.

ಅದಕ್ಕೇ ನಮ್ಮ ತೋಟದಲ್ಲಿ ಮರಗಸಿಗೆ ಬರುವವರಿಗೆ ಪ್ರತಿ ಹಾಲುವಾಣದಲ್ಲೂ ಒಂದೆರಡು ಕೊಂಬೆ ಬಿಡಿ ಅಂತ ಹೇಳುತ್ತೇನೆ. ನಮ್ಮ ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಹಾಕುವುದನ್ನೂ ತಪ್ಪಿಸಬೇಡಿ. ನೈಟ್ರೋಜಿನೇಸ್‌ಗೆ ಮಾಲಿಬ್ಡಿನಂ ಅನ್ನುವ ಲೋಹ ಬೇಕು, ಹುಳಿ ಮಣ್ಣಲ್ಲಿ ಅದು ಬೇರಿಗೆ ಸಿಗುವುದು ಕಷ್ಟ.