ನಿಟುವಳ್ಳಿ ಸೈಟಿನ ತೋಟ: ಮಳೆ ಹಿಡಿದ ಮೇಲೆ

ದಾವಣಗೆರೆಯ ನಿಟುವಳ್ಳಿಯಲ್ಲಿರುವ ಸೈಟು 30×40, ಅಂದರೆ 1,200 ಚದರಡಿ. ಅರ್ಧ ಎರೆ ಮಣ್ಣು. ಇನ್ನರ್ಧದಲ್ಲಿ ಯಾರೋ ಮನೆ ಕಟ್ಟುವಾಗ ಸುರಿದ ಗಾರೆ, ಇಟ್ಟಿಗೆ ಚೂರು. ಈ ಮಳೆಗಾಲ ಮೊದಲು ಮಣ್ಣು, ತರಕಾರಿ ಆಮೇಲೆ.

ಗಾರೆ ಬಿದ್ದ ಕಡೆ ದೊಡ್ಡ ಚೂರು ಆರಿಸಿ, ಹಸಿರೆಲೆ ಗೊಬ್ಬರಕ್ಕೆಂದು ಅಪ್ಸೆಣಬಿನ ಬೀಜ ಚೆಲ್ಲಿದ್ದೆ. ಈಗ ಸೊಂಟದೆತ್ತರ ಬಂದಿದೆ. ಬಿತ್ತಿದ ಸುಮಾರು 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ, ಬುಡಕ್ಕೆ ಕೊಯ್ದು ಅಲ್ಲೇ ಮಲಗಿಸಬೇಕು. ಬೇರು ಕೀಳುವುದಿಲ್ಲ. ಗಾಳಿಯ ಸಾರಜನಕ ಹಿಡಿಯುವ ಗಂಟು ಇರುವುದೇ ಅದರಲ್ಲಿ. ತಡವಾದರೆ ಕಾಂಡ ನಾರಾಗಿ ಬೇಗ ಕೊಳೆಯುವುದಿಲ್ಲ. ಹಗ್ಗ ಹೊಸೆಯುವ ಗಿಡ ಅಲ್ವಾ!

ಮಣ್ಣಿನ ಮೇಲೆ ಹೊದಿಸುವ ಮುಚ್ಚಿಗೆಗೆ ದಾವಣಗೆರೆಯಲ್ಲಿ ಬರವಿಲ್ಲ. ಕಬ್ಬಿನ ಹಾಲಿನ ಗಾಡಿಯವರು ಸಿಪ್ಪೆ ಸುಮ್ನೆ ಕೊಡುತ್ತಾರೆ. ಚನ್ನಗಿರಿ ಕಡೆಯಿಂದ ಅಡಿಕೆ ಸಿಪ್ಪೆ, ಅಕ್ಕಿ ಮಿಲ್ಲಿನಿಂದ ಭತ್ತದ ಹೊಟ್ಟು. ಹೊಟ್ಟು ಗಾಳಿಗೆ ಹಾರುತ್ತದೆ, ಅದಕ್ಕೇ ಅದು ಕೆಳಗೆ, ಕಬ್ಬಿನ ಸಿಪ್ಪೆ ಮೇಲೆ. ಇವನ್ನು ಮಣ್ಣಿಗೆ ಬೆರೆಸಬಾರದು. ಬೆರೆಸಿದರೆ ಅವನ್ನು ಕೊಳೆಸುವ ಜೀವಾಣುಗಳೇ ಸಾರಜನಕ ತಿಂದು ಗಿಡ ಹಳದಿಯಾಗುತ್ತದೆ. ಪಕ್ಕದ ಮನೆ ಅಜ್ಜಿ ಮಾತ್ರ, “ಏನಪ್ಪಾ, ಊರ ಕಸ ಎಲ್ಲಾ ತಂದು ಸುರೀತೀಯಲ್ಲೋ” ಅನ್ನುತ್ತಾರೆ. ಹರಿವೆ ಸೊಪ್ಪು ಕೇಳುವಾಗ ಆ ಮಾತಿಲ್ಲ.

ಮಂಡಕ್ಕಿ ಭಟ್ಟಿ ಬೂದಿ ಹಾಕು ಅಂತ ತುಂಬಾ ಜನ ಹೇಳಿದರು. ನನಗೆ ಒಪ್ಪಿಗೆಯಿಲ್ಲ. ಬೂದಿ ಕ್ಷಾರ, ಗಾರೆಯೂ ಕ್ಷಾರ, ನಮ್ಮ ಎರೆ ಮಣ್ಣೂ ಆ ಕಡೆಗೇ ವಾಲಿದ್ದು. ಇನ್ನೂ ಜಾಸ್ತಿಯಾದರೆ ಕಬ್ಬಿಣ, ಸತುವು ಬೇರಿಗೆ ದಕ್ಕುವುದಿಲ್ಲ. ಭಟ್ಟಿಯಲ್ಲಿ ಟೈರ್ ಸುಟ್ಟಿದ್ದರೆ ಆ ಬೂದಿಯಂತೂ ತರಕಾರಿ ಹತ್ತಿರಕ್ಕೂ ಬೇಡ.

ಜೀವಾಮೃತ ಅನ್ನುವ ದ್ರವ ಗೊಬ್ಬರದ ಅಳತೆ ಎಲ್ಲರೂ ಎಕರೆಗೆ ಹೇಳುತ್ತಾರೆ: 200 ಲೀಟರ್ ನೀರು, 10 ಕೆಜಿ ಸಗಣಿ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು, ಜೊತೆಗೆ ಗಂಜಲ, ಒಂದು ಹಿಡಿ ಮಣ್ಣು. ನನ್ನ ಸೈಟು ಎಕರೆಯ 36ನೇ ಒಂದು ಪಾಲು. ಲೆಕ್ಕಕ್ಕೆ 6 ಲೀಟರ್ ಸಾಕು. 20 ಲೀಟರ್ ಬಕೆಟ್‌ನಲ್ಲಿ 1 ಕೆಜಿ ಸಗಣಿ, 200 ಗ್ರಾಂ ಬೆಲ್ಲ, ಅಷ್ಟೇ ಕಡಲೆ ಹಿಟ್ಟು ಹಾಕಿ, ಉಳಿದದ್ದನ್ನು ಓಣಿಯ ತೆಂಗು, ಕರಿಬೇವಿಗೆ ಹಂಚುತ್ತೇನೆ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಜೀವಾಣುಗಳಿಗೆ ಆಗದು. ಮಳೆ ನೀರೇ ಒಳ್ಳೆಯದು.

ಬೆಂಡೆ ಕಾಯಿ ಬಿಡುತ್ತಿದೆ. ಅರ್ಕಾ ಅನಾಮಿಕ, ಹಳದಿ ನಂಜು ರೋಗ ತಡೆಯಲೆಂದೇ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ತಂದ ತಳಿ. ಮೆಂತ್ಯ ಮಳೆಗೆ ಕೊಳೆಯಿತು, ಬಿಟ್ಟಿದ್ದೇನೆ.

ಸದ್ಯದ ತಲೆನೋವು ಶಂಖದ ಹುಳು. ಮುಚ್ಚಿಗೆಯ ತಂಪಿಗೆ ಬಂದು ಸೇರುತ್ತವೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲೇ ಸಿಗುತ್ತವೆ. ಕೈಗೆ ಕವರ್ ಹಾಕಿ ಆರಿಸಿ ಉಪ್ಪು ನೀರಿಗೆ ಹಾಕುತ್ತೇನೆ. ಆ ನೀರನ್ನು ಮಾತ್ರ ಪಾತಿಗೆ ಚೆಲ್ಲಬೇಡಿ.