ಕೇಮನ್‌ನಲ್ಲಿ ಕ್ಯೂಟಾಯ್‌ಗೆ: ಹಿಮದ ದಾರಿಗೆ ಎಂಥ ಟೈರು ಬೇಕು?

ಅಕ್ಟೋಬರ್ ಬಂತೆಂದರೆ ಜರ್ಮನಿಯಲ್ಲಿ ಎಷ್ಟೋ ಜನ ಸ್ಪೋರ್ಟ್ಸ್ ಕಾರಿಗೆ ಹೊದಿಕೆ ಹಾಕಿ ಗ್ಯಾರೇಜಿನಲ್ಲಿ ನಿಲ್ಲಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಟೈರು ಸರಿಯಿದ್ದರೆ ಇಂಥ ಕಾರೂ ಆಲ್ಪ್ಸ್ ಹತ್ತುತ್ತದೆ. ಫೆಬ್ರವರಿಯಲ್ಲಿ ಮ್ಯೂನಿಕ್‌ನಿಂದ ಆಸ್ಟ್ರಿಯಾದ ಕ್ಯೂಟಾಯ್‌ಗೆ ಹೋಗಿಬಂದ ಮೇಲೆ ಇದನ್ನು ಧೈರ್ಯವಾಗಿಯೇ ಹೇಳುತ್ತೇನೆ.

ನನ್ನ ಕಾರು ಪೋರ್ಷೆ 718 ಕೇಮನ್. 300 ಅಶ್ವಶಕ್ತಿ, ಅಷ್ಟೂ ಹಿಂದಿನ ಚಕ್ರಗಳಿಗೇ. ಪಕ್ಕದ ಸೀಟಿನಲ್ಲಿ ತೀರ್ಥಹಳ್ಳಿ ಕಡೆಯ ಗೆಳೆಯ. ಅವನ ಮಾಜ್ದಾ ಎಂಎಕ್ಸ್-5 ಚಳಿಗಾಲಪೂರ್ತಿ ನಿದ್ದೆ ಮಾಡುತ್ತದೆ.

ಹೊರಡುವ ಮೊದಲೇ ಅವನು ಕಾರಿನ ಸುತ್ತ ಒಂದು ಸುತ್ತು ಬಂದ. "ಇದೇನು ಮಾರಾಯ, ಬೇಸಿಗೆಯಲ್ಲಿ ಚಕ್ರ ದೊಡ್ಡದಿತ್ತಲ್ಲ?"

ಇತ್ತು. ಬೇಸಿಗೆಗೆ 20 ಇಂಚು, ಚಳಿಗಾಲಕ್ಕೆ 18. ನೋಡಲು 20 ಚಂದ, ಒಪ್ಪುತ್ತೇನೆ. ಆದರೆ 18 ಇಂಚಿನ ರಿಮ್ಮಿಗೆ ಹಾಕುವ 265/45 ಟೈರಿನ (ಅಗಲ 265 ಮಿ.ಮೀ., ಗೋಡೆ ಅದರ ಶೇ. 45) ಪಕ್ಕದ ಗೋಡೆ ಸುಮಾರು 119 ಮಿ.ಮೀ. ಎತ್ತರ. 20 ಇಂಚಿನದಕ್ಕೆ ಬರೀ 93. ಹಿಮದಡಿ ಅಡಗಿದ ಗುಂಡಿಗೆ ಚಕ್ರ ಬಿದ್ದಾಗ ರಿಮ್ಮನ್ನು ಉಳಿಸುವುದು ಆ ಹೆಚ್ಚಿನ ರಬ್ಬರು. ಪಕ್ಕದಲ್ಲಿ ಎನ್ ಅಕ್ಷರ, ಅದರ ಮುಂದೊಂದು ಅಂಕಿ ಇರುವ ಟೈರನ್ನೇ ಆರಿಸಿದ್ದೆ. ಪೋರ್ಷೆ ತನ್ನ ಕಾರುಗಳಲ್ಲಿ ಹಾಕಿ, ಪರೀಕ್ಷಿಸಿ, ಒಪ್ಪಿದ ಟೈರಿಗೆ ಆ ಗುರುತು ಇರುತ್ತದೆ.

ಗಾರ್ಮಿಶ್ ಕಡೆ ಹೋಗುವ ಎ95 ಹೆದ್ದಾರಿ ಒಣಗಿತ್ತು. ಹೊರಗೆ 2 ಡಿಗ್ರಿ. "ಹಿಮವೇ ಇಲ್ಲ, ಸುಮ್ನೆ ಯಾಕೆ ಈ ಟೈರು?" ಅಂದ. ಕಾರಣ ರಬ್ಬರಿನಲ್ಲಿದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾದ ಹಾಗೆ ಬಿಗಿಯುತ್ತಾ ಹೋಗುತ್ತದೆ. ಸ್ಪೋರ್ಟ್ಸ್ ಕಾರಿನ ಬೇಸಿಗೆ ಟೈರಿಗೆ ಈ ಕಾಟ ಇನ್ನೂ ಜಾಸ್ತಿ. ಚಳಿಗಾಲದ ಟೈರಿನ ರಬ್ಬರು ಆ ಚಳಿಯಲ್ಲೂ ಮೆತ್ತಗಿರುತ್ತದೆ. ಬದಲಿಗೆ ವೇಗ ಸ್ವಲ್ಪ ಬಿಟ್ಟುಕೊಡಬೇಕು. ಕಾರು ಗಂಟೆಗೆ 275 ಕಿ.ಮೀ. ಓಡಬಲ್ಲದು, ನನ್ನ ಟೈರಿನ ಮಿತಿ 240. ಹಾಗಾಗಿ ಕಣ್ಣಿಗೆ ಬೀಳುವ ಕಡೆ '240' ಎಂಬ ಸ್ಟಿಕ್ಕರ್ ಅಂಟಿಸಿದ್ದೇನೆ. ಜರ್ಮನಿಯಲ್ಲಿ ಅದು ಕಡ್ಡಾಯ.

ಮಿಟ್ಟನ್‌ವಾಲ್ಡ್ ದಾಟಿ ಶಾರ್ನಿಟ್ಸ್‌ನಲ್ಲಿ ಗಡಿ. ರಸ್ತೆಯಲ್ಲಿ ಹಿಮವಿದ್ದಾಗ ಜರ್ಮನಿಯಲ್ಲಿ ಮೂರು ಶಿಖರದ ನಡುವೆ ಹಿಮದ ಹರಳಿರುವ ಗುರುತಿನ ಟೈರೇ ಬೇಕು. 2024ರ ಅಕ್ಟೋಬರ್‌ನಿಂದ ಬರೀ 'ಎಂ+ಎಸ್' (ಮಡ್ ಆ್ಯಂಡ್ ಸ್ನೋ, ಕೆಸರು-ಹಿಮ) ಎಂದು ಬರೆದ ಟೈರು ಅಲ್ಲಿ ಲೆಕ್ಕಕ್ಕಿಲ್ಲ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರು ಬೇಕು, ಅದರ ಮೇಲಿನ ತೋಡು ಕನಿಷ್ಠ 4 ಮಿ.ಮೀ. ಆಳ ಇರಬೇಕು. ಅದಕ್ಕಿಂತ ಸವೆದರೆ ಅದು ಚಳಿಗಾಲದ ಟೈರೇ ಅಲ್ಲ.

ನಿಜವಾದ ಪರೀಕ್ಷೆ ಸೇಫೆಲ್ಡ್ ಆದಮೇಲೆ ಬರುವ ತ್ಸಿರ್ಲ್ ಇಳಿಜಾರು. ಶೇ. 16ರಷ್ಟು ಕಡಿದು. ಬ್ರೇಕು ಕೈಕೊಟ್ಟ ಲಾರಿಗಳಿಗೆಂದೇ ಪಕ್ಕದಲ್ಲಿ ತುರ್ತು ದಾರಿ ಮಾಡಿದ್ದಾರೆ. ಹತ್ತುವಾಗ ಟೈರು ಜಾರಿದರೆ ಕಾರು ನಿಂತೀತು, ಅಷ್ಟೇ. ಇಳಿಯುವಾಗ ಜಾರಿದರೆ ನಿಲ್ಲಿಸುವವರು ಯಾರು? ಆಲ್-ವೀಲ್ ಡ್ರೈವ್ ಇದೆ, ಟೈರು ಯಾವುದಾದರೂ ನಡೆಯುತ್ತದೆ ಎನ್ನುವವರಿಗೆ ಈ ಇಳಿಜಾರು ತೋರಿಸಬೇಕು. ನಾಲ್ಕು ಚಕ್ರ ಎಳೆದರೂ ನಿಲ್ಲಿಸುವುದು ಟೈರೇ ಅಲ್ವಾ? ಆಗುಂಬೆ ಘಾಟಿಯಲ್ಲಿ ಕಲಿತದ್ದು ಇಲ್ಲೂ ಕೆಲಸಕ್ಕೆ ಬಂತು: ಹತ್ತುವ ಗೇರಿನಲ್ಲೇ ಇಳಿ, ಬ್ರೇಕಿನ ಮೇಲೆ ಕಾಲು ಮಲಗಿಸಬೇಡ.

ಕೆಮಾಟನ್‌ನಿಂದ ಸೆಲ್‌ರೈನ್ ಕಣಿವೆ ಹತ್ತತೊಡಗಿದೆವು. ಗ್ರೀಸ್ ಊರು ದಾಟಿದ ಮೇಲೆ ರಸ್ತೆಯೇ ಬಿಳಿ. ಮೊದಲ ಗೇರಿನಲ್ಲಿ ಹೊರಟಾಗ ಹಿಂಬದಿ ಒಂದಿಷ್ಟು ಅಲುಗಿತು, ಮತ್ತೆ ಹಿಡಿದುಕೊಂಡಿತು. ಇಂಜಿನ್ ಸೀಟಿನ ಹಿಂದೆ ಇರುವುದರಿಂದ ಭಾರ ಹಿಂದಿನ ಚಕ್ರದ ಮೇಲೆ ಬೀಳುತ್ತದೆ, ಅದೇ ಅನುಕೂಲ. ಒಂದು ಕಡೆ ಇಳಿದು ಟೈರಿಗೆ ಕೈಹಾಕಿ ನೋಡಿದೆ. ತೋಡಿನ ತುಂಬ ಹಿಮ ಒತ್ತಿ ಕೂತಿತ್ತು. ಅದನ್ನು ಕೆರೆದು ತೆಗೆಯಬಾರದು. ರಸ್ತೆಯ ಹಿಮಕ್ಕೆ ಕಚ್ಚಿಕೊಳ್ಳುವುದು ಈ ಹಿಮವೇ. ರಬ್ಬರಿನ ಮೇಲೆ ಬ್ಲೇಡಿನಲ್ಲಿ ಗೀಚಿದಂತಿರುವ ನೂರಾರು ಸಣ್ಣ ಸೀಳುಗಳು ಉಳಿದ ಹಿಡಿತ ಕೊಡುತ್ತವೆ. ಮಂಜುಗಡ್ಡೆಯ ಮೇಲೆ ಮಾತ್ರ ಇದನ್ನೆಲ್ಲ ನಂಬಿ ಜೋರು ಮಾಡಬಾರದು. ಅಲ್ಲಿ ನಿಧಾನವೊಂದೇ ದಾರಿ.

ಕ್ಯೂಟಾಯ್ 2,020 ಮೀಟರ್ ಎತ್ತರದಲ್ಲಿದೆ. ಸ್ಕೀಯಿಂಗ್ ಜನರ ಗದ್ದಲ, ಬಿಸಿಬಿಸಿ ಕೈಸರ್‌ಶ್ಮಾರ್ನ್ (ಚೂರು ಮಾಡಿದ ಸಿಹಿ ಪ್ಯಾನ್‌ಕೇಕ್), ಕಣ್ಣು ಕುಕ್ಕುವ ಬಿಸಿಲು. ಊಟ ಮುಗಿಸಿ ಬಂದವನೇ ಗೆಳೆಯ ಜೇಬಿನಿಂದ 2 ಯೂರೋ ನಾಣ್ಯ ತೆಗೆದು ಟೈರಿನ ತೋಡಿನಲ್ಲಿ ನಿಲ್ಲಿಸಿದ. ಅದರ ಬೆಳ್ಳಿ ಬಣ್ಣದ ಅಂಚು 4 ಮಿ.ಮೀ. ಅಗಲ ಇರುತ್ತದೆ. ಅಂಚು ಪೂರ್ತಿ ಮುಳುಗಿತು.

"ನನ್ನ ಮಾಜ್ದಾಕ್ಕೆ ಯಾವುದು ಹಾಕಲಿ ಹೇಳು."

"17 ಬೇಡ, 16 ಇಂಚು ಹಾಕಿಸು. 195/50. ಅಗಲ ಕಡಿಮೆಯಿದ್ದಷ್ಟೂ ಹಿಮ ಸೀಳಿಕೊಂಡು ಕೆಳಗಿಳಿಯುತ್ತದೆ. ನಿನ್ನದಕ್ಕೆ ಇಂಜಿನ್ ಮುಂದಿದೆ, ಹಿಂಬದಿ ಹಗುರ. ಆಕ್ಸಿಲರೇಟರ್ ಮೇಲೆ ಕಾಲು ಹದವಾಗಿರಲಿ."

ವ್ರೆಡೆಸ್ಟೈನ್ ಹೆಸರನ್ನೂ ಹೇಳಿದೆ. 2009ರಲ್ಲಿ ನಮ್ಮ ಅಪೋಲೋ ಟೈರ್ಸ್ ಕೊಂಡ ಡಚ್ ಬ್ರಾಂಡ್ ಅದು. ಟೈರು ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕಂಕಿ ನೋಡದೆ ದುಡ್ಡು ಕೊಡಬೇಡ ಅಂದೆ. ಅವನು ಅಲ್ಲೇ ನಿಂತು ಮೊಬೈಲಿನಲ್ಲಿ 16 ಇಂಚಿನ ರಿಮ್ಮಿನ ಬೆಲೆ ಹುಡುಕತೊಡಗಿದ.